ಮೊದಲ ಎಂಟು ಗುಂಡು ನನ್ನವು

ಹಿರಿಯರಿಗೆ, ಗೆಳೆಯರಿಗೆ, ಬೀದಿಯ ಅಂಗಡಿಗಳವರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಕೈ ಹಿಡಿದು ಕುಳಿತಿರುವ ಮಗಳಿಗೆ — ಎಲ್ಲರಿಗೂ ನಮಸ್ಕಾರ.

ನನಗೆ ಮಾತು ಬರುವುದಿಲ್ಲ. ವಿನಯಕ್ಕೆ ಹೇಳುತ್ತಿಲ್ಲ, ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುವ ವಿಷಯ. ನಮ್ಮ ತೂಕದ ಯಂತ್ರ ರಿಪೇರಿ ಅಂಗಡಿಗೆ ಬಂದವರೆಲ್ಲ, ಇವತ್ತು ಯಾರನ್ನು ನೆನೆಯಲು ಸೇರಿದ್ದೇವೋ ಅವರ ಮುಖ ನೋಡಿ ಮಾತಾಡಿದ್ದೀರಿ, ನನ್ನ ಬೆನ್ನು ನೋಡಿದ್ದೀರಿ. 'ಗುಮ್ಮ' ಅಂತ ನನಗೆ ಹೆಸರಿಟ್ಟವರು ಅವರೇ. ಸೈನ್ಯದಲ್ಲಿ ಇಟ್ಟ ಹೆಸರು, ಅಂಗಡಿಗೂ ಬಂತು, ಮನೆಗೂ ಬಂತು. ಈಗ ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ನಾನು ಏಳನೇ ತರಗತಿವರೆಗೆ ಓದಿದವನು. ದಿನಕ್ಕೊಂದು ಪುಟ ಬರೆದಿಡುವ ಅಭ್ಯಾಸವಿದೆ, ಅಷ್ಟೇ. ಅವರು ಹೋದ ಮೇಲೆ ನಾಲ್ಕು ದಿನ ಕೂತು ಇವತ್ತಿನ ಮಾತನ್ನು ಬರೆದೆ. ಓದುವಾಗ ತಡವರಿಸಿದರೆ ಕ್ಷಮಿಸಿ. ಅಳಬಾರದು ಅಂತ ಒಬ್ಬರು ಹೇಳಿದ್ದಾರೆ. ಯಾರು ಹೇಳಿದರು ಅಂತ ಆಮೇಲೆ ತಿಳಿಸುತ್ತೇನೆ.

ಬಾಗಿಲಲ್ಲಿ ನಿವೃತ್ತ ಸೈನಿಕರ ಸಂಘದ ಕಾರ್ಯದರ್ಶಿಗಳು ನನ್ನ ಭುಜದ ಮೇಲೆ ಕೈಯಿಟ್ಟು, "ಮೂರು ನಿಮಿಷ ಸಾಕು ಗುಮ್ಮಣ್ಣ. ಅವರ ಸ್ವಭಾವ, ಕೈಗುಣ, ಅದೂ ಇದೂ ಹೇಳು. ಆ ಸೇತುವೆ ಕಥೆ ಮಾತ್ರ ಬೇಡ ಮಾರಾಯ, ತರಬೇತಿ ಶಾಲೆ ಸಾಹೇಬ್ರು ಬಂದಿದಾರೆ" ಅಂದರು.

ಆಗಲಿ ಅಂದೆ. ಸುಳ್ಳು ಹೇಳಿದೆ. ನಾನು ಸೇತುವೆಯ ಕಥೆಯನ್ನೇ ಹೇಳಲು ಬಂದಿದ್ದೇನೆ.

ಈಗ ತಾನೇ ಸಾಹೇಬರು ಸಂತಾಪ ಪತ್ರ ಓದಿದರು. ಒಳ್ಳೆಯ ಪತ್ರ. ಅದರಲ್ಲಿ ಒಂದು ಸಾಲಿದೆ — "ಆರಂಭದಲ್ಲಿ ಆದೇಶ ನೀಡುವಾಗ ಆದ ಒಂದು ಲೋಪದ ಹೊರತಾಗಿಯೂ ಅವರು ಧೈರ್ಯದಿಂದ ಹೋರಾಡಿದರು." ನೀವೆಲ್ಲ ಕೇಳಿದಿರಿ. ಯಾರೂ ಏನೂ ಅನ್ನಲಿಲ್ಲ. ಕಡತದಲ್ಲಿ ಮೂವತ್ತಾರು ವರ್ಷದಿಂದ ಇದೇ ಸಾಲಿದೆ, ಯಾರೂ ಏನೂ ಅಂದಿಲ್ಲ. ಅನ್ನಬೇಕಾಗಿದ್ದವನು ನಾನು.

ಆ ಸಾಲು ಸುಳ್ಳು. ಅವರ ಆದೇಶದಲ್ಲಿ ಲೋಪ ಇರಲಿಲ್ಲ. ಒಂದು ಅಕ್ಷರದಷ್ಟೂ ಇರಲಿಲ್ಲ.

ಸೈನ್ಯದಲ್ಲಿ ಇಲ್ಲದವರಿಗೆ ಸ್ವಲ್ಪ ವಿವರಿಸಿ ಹೇಳಬೇಕು. ನಾವು ವಿಮಾನ ಹೊಡೆಯುವ ತೋಪಿನವರು. ಅವರು ತೋಪಿನ ಮುಖ್ಯಸ್ಥರು, ನಾನು ಗುರಿಕಾರ. ನಮ್ಮನ್ನು ಟ್ಯಾಂಕುಗಳ ಜೊತೆಗೆ ಹಾಕಿದ್ದರು. ಟ್ಯಾಂಕಿಗೆ ತೋಪು ಯಾಕೆ ಬೇಕು ಅಂತ ಕೇಳಬಹುದು, ಅದೇ ಒಂದು ತೋಪಲ್ಲವೆ? ಸರಿ. ಟ್ಯಾಂಕಿನ ಎದೆಗೆ ಗೇಣುದ್ದ ದಪ್ಪದ ಉಕ್ಕಿದೆ. ಆದರೆ ನೆತ್ತಿಗೆ? ನೆತ್ತಿಯ ಮೇಲೆ ತೆಳ್ಳನೆಯ ತಗಡು. ಒಳಗೆ ಕುಳಿತವರಿಗೆ ಮೇಲೆ ಏನು ಹಾರುತ್ತಿದೆ ಅಂತ ಕಾಣುವುದಿಲ್ಲ. ಇಂಜಿನ್ನಿನ ಗದ್ದಲದಲ್ಲಿ ವಿಮಾನದ ಸದ್ದೂ ಕೇಳುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ, ಮೇಲಿನಿಂದ ಬಂದದ್ದಕ್ಕೆ ಕುರುಡು, ಕಿವುಡು. ಅದಕ್ಕೇ ಟ್ಯಾಂಕಿನವರು ಹೋದಲ್ಲೆಲ್ಲ ನಾವು. ಅವರು ನಿಂತರೆ ನಾವು ನಳಿಕೆ ಮೇಲೆತ್ತಿ ನಿಲ್ಲಬೇಕು.

ಟ್ಯಾಂಕಿನವರಿಗೆ ಇದರಿಂದ ಸ್ವಲ್ಪ ನಾಚಿಕೆ. ನಾಚಿಕೆ ಆದಾಗ ಗಂಡಸರು ಏನು ಮಾಡುತ್ತಾರೆ ನಿಮಗೆ ಗೊತ್ತು — ರೇಗಿಸುತ್ತಾರೆ. ನಮ್ಮ ತೋಪು ಎಳೆಯುವ ಲಾರಿ ಕಂಡರೆ ಸಾಕು, "ಬಂತ್ರಪ್ಪೋ ಕೊಡೆ! ಮೋಡ ಕಟ್ಟಿದೆ, ಬಿಚ್ರೋ!" ಅಂತ ಕೂಗುತ್ತಿದ್ದರು. ನಮ್ಮ ಮುಖ್ಯಸ್ಥರಾದ ಇವರು ಲಾರಿಯಿಂದ ತಲೆ ಹೊರಗೆ ಹಾಕಿ, "ನಗ್ರಿ, ನಗ್ರಿ. ನೆನೆಯೋ ದಿನ ಬಂದಾಗ ಕೊಡೆ ಎಲ್ಲಿ ಅಂತ ಹುಡುಕ್ಕೊಂಡು ಬರ್ತೀರಿ. ಆಗ ನಿಮಗೆ ಅಂಚಲ್ಲೇ ಜಾಗ" ಅನ್ನುವರು. ಹಾಗೆ ಅವರಿಗೆ ಹೆಸರಾಯಿತು, ಕೊಡೆಯಣ್ಣ. ಅವರು ಅದನ್ನು ಇಷ್ಟಪಟ್ಟೇ ಇಟ್ಟುಕೊಂಡರು.

ಅವರಿಗೆ ಒಂದು ಹಟವಿತ್ತು. ತೋಪನ್ನು ನೆಲಕ್ಕೂ ತಿರುಗಿಸಲು ಬರಬೇಕು ಅನ್ನುವುದು. ಯಾರೂ ಹೇಳಿಕೊಟ್ಟದ್ದಲ್ಲ. ವಾರಕ್ಕೆ ಎರಡು ಸಲ ಅಡುಗೆಯವನಿಗೆ ಸೈಕಲ್ ಕೊಟ್ಟು, ಅದಕ್ಕೊಂದು ಹಲಗೆ ಕಟ್ಟಿ, ಹಲಗೆಯ ಮೇಲೆ ಸುಣ್ಣದಲ್ಲಿ 'ಟ್ಯಾಂಕು' ಅಂತ ಬರೆದು, ಮೈದಾನದ ಆ ತುದಿಯಿಂದ ಈ ತುದಿಗೆ ತುಳಿಸುವರು. ನಾವು ನಳಿಕೆ ಕೆಳಗಿಳಿಸಿ ಅವನನ್ನು ಹಿಂಬಾಲಿಸಬೇಕು. ಗುಂಡಿಲ್ಲ, ಬರೀ ಗುರಿ. ಅಡುಗೆಯವನು, "ಅಣ್ಣ, ನಿಜವಾಗ್ಲೂ ಖಾಲಿ ಇದೆ ತಾನೆ? ಸಾರು ಒಲೆ ಮೇಲಿದೆ, ನಾನು ಸತ್ರೆ ಇಳಿಸೋರಿಲ್ಲ" ಅಂತ ಕೂಗುತ್ತ ತುಳಿಯುವನು. ನಾವು ಹೊಟ್ಟೆ ಹಿಡಿದು ನಗುವೆವು.

ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಇದನ್ನು ನೆನಪಿನಲ್ಲಿಡಿ. ಆ ಅಭ್ಯಾಸವನ್ನು ನಾನು ಆಟ ಅಂದುಕೊಂಡೆ.

ಇನ್ನೊಂದು. ಉಗ್ರಾಣದಲ್ಲಿ ಉಕ್ಕು ಕೊರೆಯುವ ಗುಂಡು ಇರುತ್ತಿತ್ತು, ಮೂತಿಗೆ ಕಪ್ಪು ಬಣ್ಣ. ಅದರ ಎರಡು ಪೆಟ್ಟಿಗೆ ಬೇಕು ಅಂತ ಇವರು ಕೇಳಿದಾಗ ಉಗ್ರಾಣದವನು ಬಿದ್ದು ಬಿದ್ದು ನಕ್ಕ. "ಏನ್ ಕೊಡೆಯಣ್ಣ, ನಿಮ್ಮ ಆಕಾಶದಲ್ಲಿ ಟ್ಯಾಂಕ್ ಹಾರುತ್ತಾ?"

ಇವರು ನಗಲಿಲ್ಲ. "ಆಕಾಶ ಎಲ್ಲಿಂದ ಶುರುವಾಗತ್ತೆ ಹೇಳು ನೋಡೋಣ" ಅಂದರು. ಅವನು ಮೇಲೆ ನೋಡಿದ. "ಅಲ್ಲಲ್ಲ ಕಣಯ್ಯ, ನೆಲದಿಂದ್ಲೇ ಶುರು. ನಿನ್ನ ಚಪ್ಪಲಿ ಅಟ್ಟೆಯಿಂದ. ಸಹಿ ಹಾಕು, ಪೆಟ್ಟಿಗೆ ಕೊಡು."

ಈಗ ಆ ದಿನ.

ಒಂದು ಕಾಲುವೆ, ಅದಕ್ಕೊಂದು ಸೇತುವೆ. ನಮ್ಮ ಟ್ಯಾಂಕುಗಳು ಬೆಳಿಗ್ಗೆಯೇ ದಾಟಿ ಮುಂದೆ ಹೋಗಿದ್ದವು. ಅವುಗಳ ಎಣ್ಣೆ ಲಾರಿಗಳು ಇನ್ನೂ ಈಚೆ, ನಮ್ಮ ಬೆನ್ನ ಹಿಂದೆ. ಸೇತುವೆಯ ಮೇಲೆ ವಿಮಾನ ಬಾರದಂತೆ ಕಾಯಲು ಎರಡು ತೋಪು. ನಮ್ಮದೊಂದು, ನಮ್ಮ ಎಡಕ್ಕೆ ಇನ್ನೊಂದು. ಕಟ್ಟುನಿಟ್ಟಾದ ಆಜ್ಞೆ — ನಳಿಕೆ ಆಕಾಶಕ್ಕೆ, ಹೇಳದೆ ನೆಲಕ್ಕೆ ಇಳಿಸಬೇಡಿ.

ಮಧ್ಯಾಹ್ನ ಆಚೆ ದಡದ ಏರಿಯ ಮೇಲೆ ಧೂಳು ಎದ್ದಿತು. ನಮ್ಮವರು ವಾಪಸು ಬಂದರು ಅಂದುಕೊಂಡೆವು. ಇವರು ಕಣ್ಣಿನ ಮೇಲೆ ಕೈಯಿಟ್ಟು ನೋಡಿದರು. "ನಮ್ಮವರು ಬಲಗಡೆಯಿಂದ ಬರ್ಬೇಕು. ಇವರು ಎಡಗಡೆಯಿಂದ ಬರ್ತಿದಾರೆ" ಅಂದರು. ಅಷ್ಟೇ. ಮೇಲಿನವರನ್ನು ಕೇಳೋಣ ಅಂದರೆ ಟೆಲಿಫೋನ್ ತಂತಿ ಸತ್ತಿತ್ತು. ಶತ್ರುಗಳ ಏಳು ಟ್ಯಾಂಕು. ಸೇತುವೆಗೆ ಬಂದು ನಿಂತರೆ ಮುಂದೆ ಹೋದ ನಮ್ಮವರಿಗೆ ಎಣ್ಣೆಯಿಲ್ಲ, ಹಿಂದಕ್ಕೆ ದಾರಿಯಿಲ್ಲ.

ಇವರು ಆಜ್ಞೆಗೆ ಕಾಯಲಿಲ್ಲ. "ನಳಿಕೆ ಕೆಳಗೆ! ಕಪ್ಪು ಮೂತಿ ಹಾಕು!" ಅಂದರು.

ಇಲ್ಲಿ ನಿಧಾನವಾಗಿ ಹೇಳುತ್ತೇನೆ. ದಯವಿಟ್ಟು ಕೇಳಿ.

ತೋಪಿಗೆ ಇಬ್ಬರು ಗುರಿಕಾರರು. ಒಬ್ಬ ನಳಿಕೆಯನ್ನು ಮೇಲೆ ಕೆಳಗೆ ಮಾಡುತ್ತಾನೆ, ಇನ್ನೊಬ್ಬ ಎಡಕ್ಕೆ ಬಲಕ್ಕೆ. ಎಡ ಬಲ ನನ್ನದು. ಕಣ್ಣ ಮುಂದೆ ಕಬ್ಬಿಣದ ಬಳೆಗಳು, ಒಂದರೊಳಗೊಂದು. ವಿಮಾನ ಬಂದರೆ ಅದನ್ನು ನಟ್ಟ ನಡುವೆ ಇಡಬಾರದು, ಹೊರಗಿನ ಬಳೆಯ ಮೇಲೆ ಇಡಬೇಕು. ಗುಂಡು ಹೋಗುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದಲ್ಲ, ಅದಕ್ಕೆ. ಇರುವ ಜಾಗಕ್ಕೆ ಹೊಡೆಯಬೇಡ, ಬರುವ ಜಾಗಕ್ಕೆ ಹೊಡೆ — ನಮಗೆ ಕಲಿಸಿದ್ದೇ ಇದು. ಎರಡು ವರ್ಷ, ದಿನಾ, ಊಟಕ್ಕೆ ಮುಂಚೆ, ಊಟದ ನಂತರ. ಕೊನೆಗೆ ರಸ್ತೆಯಲ್ಲಿ ಹೋಗುವ ಬಸ್ಸು ಕಂಡರೂ ನನ್ನ ಕಣ್ಣು ಅದರ ಮುಂದಿನ ಖಾಲಿ ಜಾಗಕ್ಕೆ ಹೋಗುತ್ತಿತ್ತು.

ಟ್ಯಾಂಕು ವಿಮಾನವಲ್ಲ. ನಾನೂರು ಗಜ ದೂರದಲ್ಲಿ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿದೆ. ಅದನ್ನು ನಡುವೆಯೇ ಇಡಬೇಕು.

ಅದನ್ನು ಅವರು ಹೇಳಿದರು. ಹೇಳಿದರು! "ನಡುವೆ ಇಟ್ಟು ಹೊಡಿ" ಅಂದರು. ಒಂದು ಸಲವಲ್ಲ, ಎರಡು ಸಲ. ಎರಡನೇ ಸಲ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. ಅವರ ಉಸಿರು ನನ್ನ ಕೆನ್ನೆಗೆ ತಾಗಿತು. ನಾನು "ಸರಿ ಅಣ್ಣ" ಅಂದೆ.

ಸರಿ ಅಣ್ಣ ಅಂದವನು ಟ್ಯಾಂಕನ್ನು ಎರಡನೇ ಬಳೆಯ ಮೇಲಿಟ್ಟು ಹೊಡೆದೆ.

ಬೇಕಂತ ಮಾಡಿದ್ದಲ್ಲ. ಬಾಯಿ ಒಪ್ಪಿಕೊಂಡಿತು, ಕೈ ತನ್ನ ಹಳೇ ಕೆಲಸ ಮಾಡಿತು. ಒಂದು ಕಂತೆಗೆ ನಾಲ್ಕು ಗುಂಡು, ಎರಡು ಕಂತೆ, ಎಂಟು ಗುಂಡು. ನಾಲ್ಕು ಸೆಕೆಂಡಿನ ಕೆಲಸ. ಎಂಟೂ ಟ್ಯಾಂಕಿನ ಮೂಗಿನ ಮುಂದೆ, ಕಾಲುವೆಯ ನೀರಿಗೆ ಬಿದ್ದವು. ನೀರು ಆಳೆತ್ತರಕ್ಕೆ ಚಿಮ್ಮಿತು. ಟ್ಯಾಂಕು ನಿಂತಿತು. ಅದರ ನಳಿಕೆ ನಮ್ಮ ಕಡೆ ತಿರುಗಿತು. ಶತ್ರುಗಳಿಗೆ ಮೊದಲು ಕಂಡದ್ದು ನಾವಲ್ಲ, ನಮ್ಮ ಎಡಗಡೆಯ ತೋಪು. ಆ ತೋಪಿನವರು ಇನ್ನೂ ನಳಿಕೆ ಇಳಿಸುತ್ತಿದ್ದರು. ಒಂದೇ ಏಟು. ಆ ತೋಪಿಗೆ ಗುಂಡು ತುಂಬುವವನು ಅಲ್ಲೇ ಹೋದ.

ಇವರು ಬಂದು ನನ್ನ ಹೆಲ್ಮೆಟ್ಟಿನ ಮೇಲೆ ಅಂಗೈಯಿಂದ ಬಡಿದರು. "ನಡುವೆ ಕಣೋ ಗುಮ್ಮ, ನಡುವೆ! ಅದು ವಿಮಾನ ಅಲ್ಲ, ಎಮ್ಮೆ! ಎಮ್ಮೆ ಕಾಲಿಗೆ ಹೊಡಿ!" ಅಂದರು. ನಮ್ಮ ಗುಂಡು ಅದರ ಎದೆಯನ್ನು ಕೊರೆಯುವಷ್ಟು ದೊಡ್ಡದಲ್ಲ, ಅವರಿಗೆ ಗೊತ್ತಿತ್ತು. ಅದಕ್ಕೇ ಕಾಲು. ಚಕ್ರದ ಮೇಲಿನ ಸರಪಳಿ.

ಒಂಬತ್ತನೇ ಗುಂಡು ಸರಪಳಿಗೆ ಬಿತ್ತು. ಮುಂದಿನ ಟ್ಯಾಂಕು ಏರಿಗೆ ಅಡ್ಡಡ್ಡ ತಿರುಗಿ ಕೂತುಬಿಟ್ಟಿತು. ಎರಡನೆಯದು ಬಳಸಿಕೊಂಡು ಬರಲು ಹೋಗಿ ಕೆಸರಿನಲ್ಲಿ ಸೊಂಟದವರೆಗೆ ಇಳಿಯಿತು. ಉಳಿದ ಐದಕ್ಕೆ ಮುಂದೆ ದಾರಿ ಇಲ್ಲ. ಹಿಂದೆ ಹೋದವು. ಅರ್ಧ ಗಂಟೆಯ ಮೇಲೆ ನಮ್ಮ ಟ್ಯಾಂಕುಗಳು ಸದ್ದು ಕೇಳಿ ವಾಪಸು ಬಂದವು. ಅವುಗಳ ಹಿಂದೆಯೇ ಎರಡು ವಿಮಾನ. "ಕತ್ತೆತ್ತಿ!" ಅಂದರು ಇವರು. ಕಾದ ನಳಿಕೆ ಮತ್ತೆ ಮೇಲಕ್ಕೆ. ಈಗ ಎರಡನೇ ಬಳೆ ಸರಿಯಾಗಿತ್ತು. ವಿಮಾನಗಳು ಬಾಂಬನ್ನು ಹೊಲಕ್ಕೆ ಸುರಿದು ಹೋದವು. ಸೇತುವೆಗೆ ಏನೂ ಆಗಲಿಲ್ಲ.

ಒಬ್ಬ ಟ್ಯಾಂಕ್ ಚಾಲಕ ಕೆಳಗಿಳಿದು ಬಂದ. ದಿನಾ ರೇಗಿಸುತ್ತಿದ್ದವನು. ಇವರ ಮುಂದೆ ನಿಂತು, "ಕೊಡೆ ಅಂತಿದ್ದೆ. ಗೋಡೆ ಅಂತ ಗೊತ್ತಿರ್ಲಿಲ್ಲ" ಅಂದ. ಇವರು ಅವನ ಕಡೆ ನೋಡಲಿಲ್ಲ. ಎಡಗಡೆಯ ತೋಪಿನ ಹತ್ತಿರ ಮಂಡಿಯೂರಿ ಕುಳಿತು, ಸತ್ತವನ ಬೂಟಿನ ದಾರ ಕಟ್ಟುತ್ತಿದ್ದರು. ಬಿಚ್ಚಿಕೊಂಡಿತ್ತು.

ನಾನು ಆ ದಿನ ನನ್ನ ಪುಸ್ತಕದಲ್ಲಿ ಬರೆದದ್ದು ಇಷ್ಟು: "ಗಾಳಿ ಜಾಸ್ತಿ. ಎಂಟು ಗುಂಡು." ಮುಂದೆ ಬರೆಯಲು ಆಗಲಿಲ್ಲ.

ಹದಿನೈದು ದಿನಕ್ಕೆ ವಿಚಾರಣೆ ಆಯಿತು. ಶಾಲೆಯೊಂದರ ಕೋಣೆ, ಮಕ್ಕಳು ಕೂರುವ ಗಿಡ್ಡ ಬೆಂಚು, ಅದರ ಮೇಲೆ ನಾವು ಮಂಡಿ ಮಡಚಿಕೊಂಡು ಕುಳಿತಿದ್ದೆವು. ಮೊದಲ ಪ್ರಶ್ನೆ — ಹೇಳದೆ ನಳಿಕೆ ಇಳಿಸಿದ್ದು ಯಾಕೆ?

"ಟ್ಯಾಂಕ್ ಎದುರಿಗಿರುವಾಗ ಆಕಾಶ ನೋಡ್ತಾ ನಿಂತ್ರೆ ಅದು ತೋಪಲ್ಲ ಸಾರ್, ಕೊಕ್ಕರೆ" ಅಂದರು. ವಿಚಾರಣೆಯವರಲ್ಲಿ ಒಬ್ಬರು ನಕ್ಕೇಬಿಟ್ಟರು. ಅದು ಮಾಫಾಯಿತು.

ಎರಡನೇ ಪ್ರಶ್ನೆ — ಮೊದಲ ಎಂಟು ಗುಂಡು ಯಾಕೆ ತಪ್ಪಿತು? ಗುರಿ ಏನು ಅಂತ ಹೇಳಿದ್ದಿರಿ?

ನಾನು ಎದ್ದೆ. ನಿಜವಾಗಿ ಎದ್ದೆ, ಅರ್ಧ ಎದ್ದಿದ್ದೆ. ಅವರು ತಿರುಗಿ ಕೂಡ ನೋಡದೆ, "ಹೇಳೋದು ಮರೆತೆ ಸಾರ್" ಅಂದರು. ನಾನು ಕುಳಿತೆ.

ಹೊರಗೆ ಬಂದ ಮೇಲೆ ನಾನು ಅವರ ಅಂಗಿ ಹಿಡಿದುಕೊಂಡೆ. "ಯಾಕಣ್ಣ ಹಾಗಂದ್ರಿ?"

"ನಿಂಗೆಷ್ಟು ವಯಸ್ಸು?"

"ಇಪ್ಪತ್ತೆರಡು."

"ಯುದ್ಧದಲ್ಲಿ ಕೊಟ್ಟ ಆಜ್ಞೆ ಮೀರಿ ಒಬ್ಬ ಸತ್ತ ಅಂದ್ರೆ ನಿನ್ನ ಏನ್ ಮಾಡ್ತಾರೆ ಗೊತ್ತಾ? ನನಗಾದ್ರೆ ಒಂದು ಛೀಮಾರಿ, ಬಡ್ತಿ ಇಲ್ಲ. ಮುಗೀತು. ತೋಪು ಒಂದೇ ಕಣೋ. ಅದರ ಕೈ ತಪ್ಪಿದ್ರೂ ಬಾಯಿ ತಪ್ಪಿದ್ರೂ ಲೆಕ್ಕ ಒಂದೇ."

"ನಾನು ಹೋಗಿ ಹೇಳ್ತೀನಿ."

"ನೀನು ಹೇಳಲ್ಲ. ಬಾಯಿ ಬಿಡಬೇಡ. ಇದು ಆಜ್ಞೆ." ನಮ್ಮ ತೋಪಿನ ಉಳಿದ ನಾಲ್ವರಿಗೂ ಅದನ್ನೇ ಹೇಳಿದರು. ಆ ನಾಲ್ವರೂ ಈಗ ಇಲ್ಲ.

ನೋಡಿ, ನನ್ನ ಜೀವನದಲ್ಲಿ ಅವರು ಕೊಟ್ಟ ದೊಡ್ಡ ಆಜ್ಞೆಗಳು ಎರಡೇ. ನಡುವೆ ಇಟ್ಟು ಹೊಡಿ ಅನ್ನುವುದು ಒಂದು, ಬಾಯಿ ಬಿಡಬೇಡ ಅನ್ನುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಬೇಕಿತ್ತು, ಎರಡನೆಯದನ್ನು ಮುರಿಯಬೇಕಿತ್ತು. ನಾನು ತಿರುವುಮುರುವು ಮಾಡಿದೆ.

— ಇಲ್ಲ ಕಾರ್ಯದರ್ಶಿಗಳೆ, ಚೀಟಿ ಬೇಡ. ಮೂರು ನಿಮಿಷ ಎಂದೋ ಆಯಿತು, ಗಡಿಯಾರ ನನಗೂ ಕಾಣುತ್ತಿದೆ. ಮೈಕು ಬೇಕಿದ್ದರೆ ತೆಗೆದುಕೊಳ್ಳಿ. ತೋಪಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಿರುವ ಗಂಟಲು ಇದು, ಕೊನೇ ಸಾಲಿಗೂ ಕೇಳುತ್ತದೆ. ಕೊನೇ ಸಾಲಿಗೆ ಕೇಳಲೇಬೇಕು.

ಸಾಹೇಬರೆ, ನಿಮ್ಮ ತರಬೇತಿ ಶಾಲೆಯಲ್ಲಿ ಒಂದು ಪಾಠವಿದೆ. ಹೊಸಬರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುತ್ತೀರಿ. ನೆಲದ ಗುರಿಗೆ ತೋಪು ತಿರುಗಿಸಿದರೆ ಬಳೆ ಬಿಟ್ಟು ನಡುವೆ ಇಡಿ ಅಂತ ಮುಖ್ಯಸ್ಥ ಕೂಗಿ ಹೇಳಬೇಕು, ಇಲ್ಲದಿದ್ದರೆ 'ಕೊಡೆ ತಪ್ಪು' ಆಗುತ್ತದೆ. ಕೊಡೆ ತಪ್ಪು! ಹಾಗೇ ತಾನೆ ನೀವು ಕರೆಯುವುದು? ಆ ಕೊಡೆ ಯಾರು ಅಂತ ಕಲಿಯುವವರಿಗೂ ಗೊತ್ತಿಲ್ಲ, ಕಲಿಸುವವರಿಗೂ ಗೊತ್ತಿಲ್ಲ.

ಎಂಟು ವರ್ಷದ ಹಿಂದೆ ದಂಡಿನ ಉಗ್ರಾಣದಿಂದ ಒಬ್ಬ ಸೈನಿಕ ನಮ್ಮ ಅಂಗಡಿಗೆ ಅಕ್ಕಿ ತೂಗುವ ಯಂತ್ರ ತಂದ. ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತಿರಲಿಲ್ಲ. ಇವರು ಕನ್ನಡಕ ಏರಿಸಿ ಸ್ಪ್ರಿಂಗ್ ಬಿಚ್ಚುತ್ತ, "ಯಾವ ದಳ ನಿಮ್ದು?" ಅಂತ ಕೇಳಿದರು. ಅವನು ಹೇಳಿದ. ಮಾತಿಗೆ ಮಾತು ಬೆಳೆಯಿತು. "ಕೊಡೆ ತಪ್ಪು ಗೊತ್ತಾ ಯಜಮಾನ್ರೆ? ತಮಾಷೆಯಾಗಿದೆ, ಹೇಳ್ತೀನಿ ಕೇಳಿ" ಅಂದ. ಬೆಂಚಿನ ಮೇಲೆ ತೂಕದ ಬಟ್ಟುಗಳನ್ನು ಜೋಡಿಸಿದ. ಇದು ಟ್ಯಾಂಕು, ಇದು ತೋಪು, ಇದು ಕಾಲುವೆ. "ಅವ್ನ್ಯಾರೋ ಒಬ್ಬ ಕೊಡೆ ಅಂತೆ, ಗುರಿ ಹೇಳೋದೇ ಮರೆತ್ನಂತೆ ಪುಣ್ಯಾತ್ಮ! ಮೂರನೇ ಬಳೆಗಿಟ್ಟು ಹೊಡೆದ್ರಂತೆ!"

ಇವರು ಎಲ್ಲ ಕೇಳಿದರು. ಒಂದು ಬಟ್ಟನ್ನು ಬೆರಳಿನಿಂದ ಸ್ವಲ್ಪ ಎಡಕ್ಕೆ ಸರಿಸಿದರು. "ತೋಪು ಇಲ್ಲಿತ್ತು" ಅಂದರು. "ಮತ್ತೆ ಮೂರನೇ ಬಳೆ ಅಲ್ಲಪ್ಪ, ಎರಡನೇದು. ಸರಿಯಾಗಿ ಕಲಿತ್ಕೋ. ಟೀ ಕುಡೀತೀಯಾ?"

ಊಟದ ಡಬ್ಬಿ ತಂದ ಅವರ ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಒಳಗಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಹೊರಗೆ ಅವಳ ದನಿ ಕೇಳಿತು. "ಅಪ್ಪಾ, ಅವ್ರು ಹೇಳಿದ್ದು ನಿಮ್ಮ ವಿಷಯಾನೇ ಅಲ್ವಾ? ನಿಮ್ಮ ತಪ್ಪಿಂದ ಒಬ್ರು ಸತ್ರಾ?"

ಬಟ್ಟುಗಳನ್ನು ಒಂದೊಂದಾಗಿ ಎತ್ತಿಡುವ ಸದ್ದು. ಆಮೇಲೆ ಅವರು, "ನನ್ನ ತೋಪಿನ ತಪ್ಪಿಂದ, ಹೌದಮ್ಮ" ಅಂದರು.

ಮಗಳೇ, ನೀನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಒಳಗಿನ ಮುರಿತ ನೋಡಲು ಬಲ್ಲವಳು. ಆ ಉತ್ತರವನ್ನು ಇನ್ನೊಂದು ಸಲ ನೋಡು. ನಿನ್ನ ಅಪ್ಪ ನಿನಗೆ ಸುಳ್ಳು ಹೇಳಲಿಲ್ಲ. ನನ್ನ ತಪ್ಪು ಅನ್ನಲಿಲ್ಲ, ನನ್ನ ತೋಪಿನ ತಪ್ಪು ಅಂದರು. ಆ ತೋಪಿನಲ್ಲಿ ತಪ್ಪಿದ ಕೈ ಇದು. ಈ ಕೈ.

ಮೊನ್ನೆ ಅತ್ತಿಗೆಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಬಾಗಿಲು ಮುಚ್ಚಿ ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಕೊಡೆಯಣ್ಣನ ಅಂಗಿಗಳನ್ನು ಮಡಚುತ್ತಿದ್ದರು, ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣಪ್ಪ" ಅಂದರು. "ನಿದ್ದೇಲಿ 'ನಡುವೆ, ನಡುವೆ' ಅಂತಿದ್ರು. ಹೇಳೋಕೇ ಮರೆತವರು ನಿದ್ದೇಲಿ ಅದನ್ನೇ ಹ್ಯಾಗೆ ಹೇಳ್ತಾರೆ? ನೀನೇ ಬಂದು ಹೇಳ್ಲಿ ಅಂತ ಕಾದೆ. ತಡ ಮಾಡ್ದೆ."

"ಸಭೆಯಲ್ಲಿ ಹೇಳ್ಲಾ ಅತ್ತಿಗೆ?"

"ಹೇಳು. ಆದ್ರೆ ಅತ್ತುಕೊಂಡು ಹೇಳ್ಬೇಡ. ನೀನು ಅತ್ರೆ ಜನ ನಿನ್ನ ಸಮಾಧಾನ ಮಾಡೋಕೆ ಬರ್ತಾರೆ, ಇವರನ್ನ ಮರೀತಾರೆ."

ಅತ್ತಿಗೆ, ನಾನು ಅಳುತ್ತಿಲ್ಲ. ನೀವೇ ನೋಡುತ್ತಿದ್ದೀರಿ.

ಹಾಗಾದರೆ ಸಾಹೇಬರೆ, ನನ್ನ ಬೇಡಿಕೆ ಕೇಳಿ. ಬೇಡಿಕೆ ಅಂದೆ, ಬಿನ್ನಹ ಅನ್ನಲಿಲ್ಲ. ಆ ಪಾಠವನ್ನು ತೆಗೆಯಬೇಡಿ, ಪಾಠ ಒಳ್ಳೆಯದು, ಅದರಿಂದ ಜೀವ ಉಳಿಯುತ್ತದೆ. ಹೆಸರು ಬದಲಿಸಿ. 'ಗುಮ್ಮನ ತಪ್ಪು' ಅಂತ ಬರೆಯಿರಿ. ಮುಖ್ಯಸ್ಥ ಹೇಳಲು ಮರೆತ ಅಂತ ಕಲಿಸಬೇಡಿ. ಮುಖ್ಯಸ್ಥ ಎರಡು ಸಲ ಹೇಳಿದ, ಗುರಿಕಾರ 'ಸರಿ' ಅಂದ, ಆದರೂ ಕೈ ಕೇಳಲಿಲ್ಲ ಅಂತ ಕಲಿಸಿ. ಅದು ಇನ್ನೂ ದೊಡ್ಡ ಪಾಠ. ಅಡುಗೆಯವನ ಸೈಕಲ್ಲನ್ನು ನೋಡಿ ನಗುವ ಪ್ರತಿಯೊಬ್ಬನಿಗೂ ಬೇಕಾದ ಪಾಠ.

ಕಡತ ಮುಚ್ಚಿದೆ ಅನ್ನುತ್ತೀರಿ, ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ಮುಚ್ಚಿದ್ದನ್ನು ತೆಗೆಯಿರಿ. ನನ್ನ ಹೇಳಿಕೆಯನ್ನು ಬರೆದು ಸಹಿ ಹಾಕಿ ತಂದಿದ್ದೇನೆ, ಈಗ ಇಳಿದು ಬಂದು ಎಲ್ಲರ ಮುಂದೆ ನಿಮ್ಮ ಕೈಗೆ ಕೊಡುತ್ತೇನೆ. ಈ ವಯಸ್ಸಿನಲ್ಲಿ ಶಿಕ್ಷೆ ಇದ್ದರೆ ಕೊಡಿ. ನನ್ನ ವಿಳಾಸ ಬದಲಾಗಿಲ್ಲ. ಹೆಸರು ಬದಲಾಗುವವರೆಗೆ ನಾನು ಪ್ರತಿ ತಿಂಗಳು ನಿಮ್ಮ ಗೇಟಿಗೆ ಬರುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನವನಿಗೇ ಈ ಕಥೆ ಹೇಳುತ್ತೇನೆ. ಗೇಟಿನವರು ಬದಲಾಗುತ್ತಲೇ ಇರುತ್ತಾರೆ, ಒಂದು ದಿನ ಇಡೀ ದಂಡಿಗೆ ಗೊತ್ತಾಗುತ್ತದೆ.

ನೀವು ನನಗೆ ಬಾಯಿ ಬಿಡಬೇಡ ಅಂದಿರಿ ಕೊಡೆಯಣ್ಣ. ಬಿಟ್ಟಿದ್ದೇನೆ. ಈ ಆಜ್ಞೆ ಮೀರಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಇನ್ನು — ಕೊನೇ ಸಾಲು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ನಮ್ಮ ಬೀದಿಯ ದರ್ಜಿಯವರು ಕುಳಿತಿದ್ದಾರೆ. ಎಡಗಡೆಯ ತೋಪಿನಲ್ಲಿ ಸತ್ತವನು ಅವರ ಅಣ್ಣ. ಅಣ್ಣನನ್ನು ಕೊಂದದ್ದು ಕೊಡೆಯಣ್ಣನ ಮರೆವು ಅಂತ ನಂಬಿ ಇಪ್ಪತ್ತಾರು ವರ್ಷ ನಮ್ಮ ಅಂಗಡಿಯ ಮುಂದೆ ಬಂದಾಗ ಆಚೆ ಬದಿಗೆ ದಾಟಿಕೊಂಡು ಹೋದವರು. ಕೊಡೆಯಣ್ಣ ದಿನಾ ಬೆಳಿಗ್ಗೆ ಅವರಿಗೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಅವರು ಒಂದು ದಿನವೂ ಎತ್ತಲಿಲ್ಲ. ಅವರು ಸರಿ. ನಂಬಿದ್ದು ನಿಜವಾಗಿದ್ದರೆ ನಾನೂ ಎತ್ತುತ್ತಿರಲಿಲ್ಲ.

ಅಂಗಡಿ ಹಾಕುವಾಗ ನಾನು ಕೊಡೆಯಣ್ಣನಿಗೆ ಹೇಳಿದ್ದೆ, "ಈ ಬೀದಿ ಬೇಡ ಅಣ್ಣ, ಅವರಿದಾರೆ. ಬೇರೆ ಕಡೆ ನೋಡೋಣ."

"ಅವನಿದಾನೆ ಅಂತಾನೇ ಈ ಬೀದಿ" ಅಂದರು. "ಸಿಟ್ಟಿಗೆ ಎದುರಿಗೆ ಒಬ್ಬ ಮನುಷ್ಯ ಬೇಕು ಗುಮ್ಮ. ಬರೀ ಗಾಳಿಗೆ ಬೈಕೊಂಡಿದ್ರೆ ಹುಚ್ಚು ಹಿಡಿಯುತ್ತೆ."

ದರ್ಜಿಯವರೆ, ನೀವು ಇವತ್ತು ಯಾಕೆ ಬಂದಿರಿ ನನಗೆ ಗೊತ್ತಿಲ್ಲ. ಬಂದು ಉಪಕಾರ ಮಾಡಿದಿರಿ. ನಿಮ್ಮ ಸಿಟ್ಟು ಇಪ್ಪತ್ತಾರು ವರ್ಷ ತಪ್ಪು ಕುರ್ಚಿಯ ಕಡೆ ನೋಡುತ್ತಿತ್ತು. ಅದೇ ಬೆಂಚಿನ ಈಚೆ ಕುರ್ಚಿಯಲ್ಲಿ ನಾನಿದ್ದೆ. ನಾಳೆಯಿಂದ ಅಂಗಡಿಯಲ್ಲಿ ನಾನೊಬ್ಬನೇ ಇರುತ್ತೇನೆ, ಬಾಗಿಲು ಒಂಬತ್ತಕ್ಕೆ ತೆಗೆಯುತ್ತೇನೆ. ಬಂದು ಬೈಯಿರಿ. ಬಾರದಿದ್ದರೆ ಆಚೆ ಬದಿಯಲ್ಲೇ ಹೋಗಿ. ಆದರೆ ಹೋಗುವುದು ನನ್ನಿಂದ ದೂರ ಅಂತ ತಿಳಿದು ಹೋಗಿ.

ನನ್ನ ಮಾತು ಮುಗಿಯಿತು. ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ಸಾಹೇಬರೆ, ನೀವೂ. ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ. ಒಂದು ನಿಮಿಷ ಎಡಗಡೆಯ ತೋಪಿನಲ್ಲಿ ಗುಂಡು ತುಂಬುತ್ತಿದ್ದವನಿಗೆ. ಒಂದು ನಿಮಿಷ ಸರಿಯಾದ ಆಜ್ಞೆ ಕೊಟ್ಟವರಿಗೆ.

ದರ್ಜಿಯವರೆ, ನಿಮ್ಮ ಅಣ್ಣನ ನಿಮಿಷಕ್ಕೆ ನೀವು ನಿಲ್ಲುತ್ತೀರಿ, ನನಗೆ ಗೊತ್ತು. ಎರಡನೇ ನಿಮಿಷ ನಿಮ್ಮ ಇಷ್ಟ. ಕೂರಬೇಕು ಅನ್ನಿಸಿದರೆ ಕೂರಿ, ಪಕ್ಕದವರು ಯಾರೂ ಅವರ ತೋಳು ಹಿಡಿದು ಎಬ್ಬಿಸಬೇಡಿ. ಆದರೆ ಕೂರುವುದಾದರೆ ನನ್ನ ಮೇಲಿನ ಸಿಟ್ಟಿಗೆ ಕೂರಿ. ಅವರ ಮೇಲಿನ ಸಿಟ್ಟಿಗೆ ಇನ್ನು ಕಾರಣ ಇಲ್ಲ.

ಏಳಿ. ಎಲ್ಲರೂ ಏಳಿ.